ಗಡಿಯ ಕಾನೂನು, ಗಡಿಯ ಹಾಡು: ಅಮೆರಿಕೊ ಪರೇದೆಸ್ ಅವರ ಕೃತಿಯನ್ನು ಕುರಿತು

ಗಡಿನಾಡುಗಳ ಚರಿತ್ರೆಯಲ್ಲಿ ‘ಅರಾಜಕತೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಅದು ಯಾರು, ಯಾರನ್ನು ಕುರಿತು ಆಡಿದ ಮಾತು ಎಂಬುದನ್ನು ಪರಿಶೀಲಿಸಿದವರು ಕಡಿಮೆ. ಟೆಕ್ಸಾಸ್ ಮತ್ತು ಮೆಕ್ಸಿಕೊಗಳ ನಡುವಣ ಪ್ರದೇಶದ ಮಟ್ಟಿಗೆ ಈ ಪರಿಶೀಲನೆಯನ್ನು ಒಂದು ಲಾವಣಿಯ ಮೂಲಕ ನಡೆಸಿದವರು ಜಾನಪದ ವಿದ್ವಾಂಸ ಅಮೆರಿಕೊ ಪರೇದೆಸ್ (೧೯೧೫–೧೯೯೯). ೧೯೫೮ರಲ್ಲಿ ಪ್ರಕಟವಾದ ಅವರ ‘ವಿತ್ ಹಿಸ್ ಪಿಸ್ಟಲ್ ಇನ್ ಹಿಸ್ ಹ್ಯಾಂಡ್’ ನಮ್ಮ ಲಾವಣಿಗಳ ಅಧ್ಯಯನಕ್ಕೂ ತೀರ ಹತ್ತಿರದ ಗ್ರಂಥ.

೧೮೪೮ರ ಗ್ವಾಡಲೂಪ್ ಹಿಡಾಲ್ಗೊ ಒಪ್ಪಂದವು ರಿಯೋ ಗ್ರಾಂಡೆ ನದಿಯನ್ನು ಎರಡು ದೇಶಗಳ ಗಡಿಯಾಗಿಸಿತು. ಹದಿನೆಂಟನೆಯ ಶತಮಾನದ ನಡುಭಾಗದಿಂದ ಅದರ ಇಕ್ಕೆಲಗಳಲ್ಲಿ ನೆಲೆಸಿ ನೆಂಟಸ್ತನ ಬೆಳೆಸಿದ್ದ ಸ್ಪ್ಯಾನಿಷ್ ಭಾಷಿಕರಿಗೆ ಎದುರು ದಡವೇ ಪರದೇಶವಾಯಿತು. ನೆಂಟರ ಮನೆಯ ದಾರಿ ಕಳ್ಳಸಾಗಣೆಯ ದಾರಿ ಎನಿಸಿಕೊಂಡಿತು. ಹೊಸ ಕಾನೂನು ಇಂಗ್ಲಿಷಿನಲ್ಲಿ ಮಾತನಾಡುತ್ತಿತ್ತು.

ಗ್ರಂಥದ ಕೇಂದ್ರದಲ್ಲಿರುವ ಘಟನೆ ೧೯೦೧ರ ಜೂನ್ ೧೨ರಂದು ನಡೆದದ್ದು. ಕುದುರೆ ಕಳ್ಳನನ್ನು ಹುಡುಕುತ್ತ ಕಾರ್ನ್ಸ್ ಕೌಂಟಿಯ ಷೆರೀಫ್ ಮಾರಿಸ್, ಗ್ರೆಗೋರಿಯೊ ಕೊರ್ತೇಸ್ ಎಂಬ ಬೇಸಾಯಗಾರನ ಮನೆಗೆ ಬಂದ. ‘ಈಚೆಗೆ ಕುದುರೆ ವಿನಿಮಯ ಮಾಡಿದ್ದೀಯಾ?’ ಎಂಬ ಪ್ರಶ್ನೆಯನ್ನು ಜೊತೆಗಿದ್ದ ದುಭಾಷಿ ‘ಕಬಾಯೊ’ ಎಂಬ ಪದ ಬಳಸಿ ಕೇಳಿದ. ಕಬಾಯೊ ಎಂದರೆ ಗಂಡು ಕುದುರೆ. ಕೊರ್ತೇಸ್ ವಿನಿಮಯ ಮಾಡಿದ್ದುದು ‘ಯೇಗ್ವಾ’, ಅಂದರೆ ಹೆಣ್ಣು ಕುದುರೆ. ಆತ ಇಲ್ಲವೆಂದ. ನಮ್ಮಲ್ಲಿಯೂ ಎತ್ತು ಮಾರಿದೆಯಾ ಎಂದು ಕೇಳಿದರೆ ಆಕಳು ಮಾರಿದ ರೈತ ಇಲ್ಲವೆಂದೇ ಹೇಳಿಯಾನು. ಷೆರೀಫನಿಗೆ ಅದು ಸುಳ್ಳಾಗಿ ಕಂಡಿತು. ಬಂಧನದ ಮಾತು ಬಂದಾಗ ಕೊರ್ತೇಸ್ ಆಡಿದ ಮಾತನ್ನೂ ದುಭಾಷಿ ತಪ್ಪಾಗಿಯೇ ತಿಳಿಸಿದ. ಗುಂಡು ಹಾರಿತು, ಕೊರ್ತೇಸನ ಅಣ್ಣ ಗಾಯಗೊಂಡ, ಷೆರೀಫ್ ಸತ್ತ. ಮುಂದಿನ ಹತ್ತು ದಿನ ನೂರಾರು ಜನ ಬೆನ್ನಟ್ಟಿದರೂ ಕೊರ್ತೇಸ್ ತಪ್ಪಿಸಿಕೊಂಡು ತಿರುಗಿದ. ಲರೆಡೊ ಬಳಿ ಸೆರೆಸಿಕ್ಕ ಆತನಿಗೆ ಕ್ಷಮಾದಾನ ದೊರೆತದ್ದು ೧೯೧೩ರಲ್ಲಿ.

ಈ ಕಥೆಯನ್ನು ಗಡಿಯ ಜನ ‘ಕೊರಿದೊ’ ಎಂಬ ಕಥನಗೀತದಲ್ಲಿ ಹಾಡಿದರು. ಪರೇದೆಸ್ ಅದರ ಪಾಠಾಂತರಗಳನ್ನು ಸಂಗ್ರಹಿಸಿ, ಜನರ ಐತಿಹ್ಯವನ್ನೂ ನ್ಯಾಯಾಲಯದ ದಾಖಲೆಗಳನ್ನೂ ಪಕ್ಕಪಕ್ಕದಲ್ಲಿ ಇರಿಸುತ್ತಾರೆ. ಹಾಡು ಷೆರೀಫನ ಸಾವಿನಿಂದಲೇ ಆರಂಭವಾಗುತ್ತದೆ. ಅದರಲ್ಲಿ ಕಾರ್ನ್ಸ್ ಕೌಂಟಿ ‘ಕಾರ್ಮೆನ್’ ಆಗಿದೆ. ಅಣ್ಣ ರೊಮಾಲ್ಡೊ ‘ರೊಮಾನ್’ ಆಗಿದ್ದಾನೆ. ದುಭಾಷಿ ಸ್ಪ್ಯಾನಿಷಿಗೆ ಮಾಡಿದ್ದನ್ನು ಗಾಯಕ ಇಂಗ್ಲಿಷ್ ಹೆಸರಿಗೆ ಮಾಡಿದ್ದಾನೆ ಎನ್ನಬಹುದು. ಆದರೆ ಗಾಯಕನ ತಪ್ಪಿಗೆ ಯಾರೂ ಸಾಯಲಿಲ್ಲ.

ವಾಲ್ಟರ್ ಪ್ರೆಸ್ಕಾಟ್ ವೆಬ್ ೧೯೩೫ರಲ್ಲಿ ಬರೆದ ಟೆಕ್ಸಾಸ್ ರೇಂಜರುಗಳ ಚರಿತ್ರೆಯೊಡನೆ ಈ ಕೃತಿ ನೇರವಾಗಿ ಜಗಳಕ್ಕಿಳಿಯುತ್ತದೆ. ವೆಬ್ ಅವರಿಗೆ ರೇಂಜರು ಕಾಡುಗಡಿಗೆ ಕಾನೂನು ತಂದ ಧೀರ. ಹಾಡಿನಲ್ಲಿ ಆತ ‘ರಿಂಚೆ’. ಒಬ್ಬ ಮೆಕ್ಸಿಕನ್ನನನ್ನು ಹಿಡಿಯಲು ಗುಂಪು ಕಟ್ಟಿಕೊಂಡು ಬರುವ ಅಂಜುಬುರುಕ. ಎರಡೂ ಅತಿರೇಕಗಳೆಂದು ಸಮತೂಕದ ತೀರ್ಪು ಕೊಡುವುದು ಸುಲಭ, ಅದು ಸರಿಯಲ್ಲ. ೧೯೧೫ರ ಸುಮಾರಿಗೆ ಅದೇ ನದೀತೀರದಲ್ಲಿ ರೇಂಜರುಗಳು ವಿಚಾರಣೆಯಿಲ್ಲದೆ ನಡೆಸಿದ ಕೊಲೆಗಳನ್ನು ಟೆಕ್ಸಾಸಿನ ಶಾಸನಸಭೆಯೇ ೧೯೧೯ರಲ್ಲಿ, ಶಾಸಕ ಕನಾಲೆಸ್ ಅವರ ಒತ್ತಾಯದಿಂದ, ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ಅರಾಜಕತೆಯ ಒಂದು ದೊಡ್ಡ ಪಾಲು ಸಮವಸ್ತ್ರದ ಕಡೆಗಿತ್ತು.

ಇಲ್ಲಿ ಹಲಗಲಿಯ ನೆನಪು ಬರದಿರದು. ೧೮೫೭ರಲ್ಲಿ ಆಯುಧ ಒಪ್ಪಿಸಿರೆಂಬ ಆಜ್ಞೆಯನ್ನು ಬೇಡರು ಧಿಕ್ಕರಿಸಿದ ಕಥೆಯ ಲಾವಣಿಯನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಿಗೆ ತಂದವರು ಜೆ. ಎಫ್. ಫ್ಲೀಟ್. ಅವರ ವಿದ್ವತ್ತಿನ ಋಣ ನಮ್ಮ ಮೇಲೆ ದೊಡ್ಡದು. ಆದರೂ ಅವರು ಮುಂಬಯಿ ಸರ್ಕಾರದ ಅಧಿಕಾರಿ. ಹಾಡು ಯಾರ ವಿರುದ್ಧವಾಗಿತ್ತೋ ಅವರ ಕಚೇರಿಯ ಮೂಲಕವೇ ಅದು ಗ್ರಂಥಸ್ಥವಾಯಿತು. ಪರೇದೆಸ್ ಹುಟ್ಟಿದ್ದು ಹಾಡುವವರ ನಡುವೆ, ನದಿಯ ದಡದ ಬ್ರೌನ್ಸ್‌ವಿಲ್‌ನಲ್ಲಿ. ಪಾಠಾಂತರಗಳನ್ನು ‘ಅಶುದ್ಧ’ವೆಂದು ಬದಿಗೆ ಸರಿಸದೆ, ಯಾವ ಊರಿನವರು ಯಾವ ಮಾತನ್ನು ಉಳಿಸಿಕೊಂಡರು ಎಂದು ಕೇಳುವ ಅವರ ಕ್ರಮಕ್ಕೆ ಈ ಹುಟ್ಟಿನ ಬಲವಿದೆ. ಹಲಗಲಿಯ ಲಾವಣಿಯನ್ನು ಮುಂಬಯಿ ಸರ್ಕಾರದ ಕಾಗದಪತ್ರಗಳ ಜೊತೆಗಿಟ್ಟು ಇದೇ ಕ್ರಮದಲ್ಲಿ ಓದಬೇಕಾಗಿದೆ. ಆಜ್ಞೆ ಯಾವ ಭಾಷೆಯಲ್ಲಿ, ಯಾರ ಬಾಯಿಂದ ಊರಿಗೆ ತಲುಪಿತು ಎಂಬಲ್ಲಿಂದ.

ಅದೇ ಹುಟ್ಟು ಕೃತಿಯ ದೌರ್ಬಲ್ಯವೂ ಹೌದು. ೧೮೪೮ಕ್ಕೆ ಹಿಂದಿನ ಗಡಿಯನ್ನು ಪರೇದೆಸ್ ಹಿರಿಯರ ಮಾತಿಗೆ ಎದುರಾಡದ, ಮೇಲುಕೀಳು ಕಡಿಮೆಯಿದ್ದ ನೆಮ್ಮದಿಯ ಲೋಕವಾಗಿ ಚಿತ್ರಿಸುತ್ತಾರೆ. ಅಲ್ಲಿ ಮೊದಲೇ ಇದ್ದ ಮೂಲನಿವಾಸಿಗಳ ಪಾಲಿಗೆ ಸ್ಪ್ಯಾನಿಷ್ ವಸಾಹತುಗಾರರೂ ಹೊಸ ಗಡಿ ತಂದವರೇ. ಈ ಚಿತ್ರದ ಪಿತೃಪ್ರಧಾನತೆಯನ್ನು ರೆನಾಟೊ ರೊಸಾಲ್ಡೊ ೧೯೮೯ರಲ್ಲಿ ಟೀಕಿಸಿದ್ದು ನ್ಯಾಯವಾಗಿದೆ. ಕೊರ್ತೇಸ್ ಓಡುತ್ತಿದ್ದ ದಿನಗಳಲ್ಲಿ ಆತನ ತಾಯಿ, ಹೆಂಡತಿ, ಮಕ್ಕಳನ್ನು ಸೆರೆಮನೆಗೆ ಹಾಕಲಾಗಿತ್ತು. ಐತಿಹ್ಯದಲ್ಲಿ ಇದು ವೀರ ತಾನಾಗಿ ಶರಣಾಗಲು ಒಂದು ಕಾರಣವಾಗಿ ಬಂದು ಹೋಗುತ್ತದೆ. ದಾಖಲೆಯ ಪ್ರಕಾರ ಆತನನ್ನು ಹಿಡಿದುಕೊಟ್ಟದ್ದು ಬಹುಮಾನದಾಸೆಯ ಒಬ್ಬ ಸ್ವಜನ. ಈ ವ್ಯತ್ಯಾಸವನ್ನು ಪರೇದೆಸ್ ಸೂಕ್ಷ್ಮವಾಗಿ ಚರ್ಚಿಸುತ್ತಾರೆ. ಒಳಗಿದ್ದ ಆ ಹೆಂಗಸರಿಗೆ ಯಾವ ದುಭಾಷಿ ಏನು ಹೇಳಿದ ಎಂಬ ಪ್ರಶ್ನೆ ಅವರ ವಿಶ್ಲೇಷಣೆಯ ಮುಂಚೂಣಿಗೆ ಬರುವುದೇ ಇಲ್ಲ.