ಅಲಮೇಲಮ್ಮನ ಶಾಪವನ್ನು ಕೇಳುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅಲಮೇಲಮ್ಮನ ಕಥೆ ಗೊತ್ತಿಲ್ಲದವರು ಕಡಿಮೆ. ಹೊಸದಾಗಿ ಕೇಳುವವರು ಮಾತ್ರ ‘ಇದು ನಿಜವೇ?’ ಎಂಬಲ್ಲೇ ನಿಂತುಬಿಡುತ್ತಾರೆ. ಐತಿಹ್ಯದ ರುಚಿ ಹತ್ತಬೇಕಾದರೆ ಕಥೆ ಯಾರ ಪರ ನಿಂತಿದೆ ಎಂಬುದನ್ನು ಮೊದಲು ನೋಡಬೇಕು.

ಕಥೆಯ ಎಳೆ ಹಿಡಿಯಿರಿ

1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ಕೈಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು ಚರಿತ್ರೆ. ಆ ಪ್ರತಿನಿಧಿ ಚರಿತ್ರೆಯಲ್ಲಿ ತಿರುಮಲರಾಯ, ಕಥೆಯಲ್ಲಿ ಶ್ರೀರಂಗರಾಯ. ಕಥೆಯ ಪ್ರಕಾರ ಅವನಿಗೆ ಬೆನ್ನುಫಣಿ ಎಂಬ ಬೆನ್ನಿನ ಹುಣ್ಣಾಗಿ, ವೈದ್ಯನಾಥೇಶ್ವರನ ಸೇವೆಗೆಂದು ತಲಕಾಡಿಗೆ ಹೋಗಿ ಅಲ್ಲೇ ತೀರಿಕೊಳ್ಳುತ್ತಾನೆ. ಪಟ್ಟಣ ಕೈತಪ್ಪಿದ ಅವನ ರಾಣಿ ಅಲಮೇಲಮ್ಮ ಮಾಲಂಗಿಯಲ್ಲಿ ನೆಲೆಸುತ್ತಾಳೆ. ಅವಳ ಒಡವೆಗಳನ್ನು ಮಂಗಳವಾರ, ಶುಕ್ರವಾರ ಶ್ರೀರಂಗಪಟ್ಟಣದ ದೇವಿ ರಂಗನಾಯಕಿ ಅಮ್ಮನವರಿಗೆ ತೊಡಿಸುವ ವಾಡಿಕೆಯಿತ್ತು. ಅವನ್ನು ಕೇಳಿಕೊಂಡು ಒಡೆಯರ ಕಡೆಯವರು ಬಂದಾಗ ಮುತ್ತಿನ ಮೂಗುತಿಯೊಂದನ್ನು ಕೊಡುತ್ತಾಳೆ. ಉಳಿದದ್ದಕ್ಕಾಗಿ ಸೈನಿಕರು ಬೆನ್ನಟ್ಟಿದಾಗ ಶಾಪವಿಟ್ಟು, ಒಡವೆಯ ಸಮೇತ ಕಾವೇರಿಗೆ ಹಾರುತ್ತಾಳೆ.

ಶಾಪದ ಕಟ್ಟನ್ನು ಗಮನಿಸಿ

ತಲಕಾಡನ್ನು ಮರಳು ಮುಚ್ಚಲಿ, ಮಾಲಂಗಿಯಲ್ಲಿ ಹೊಳೆ ಮಡುಗಟ್ಟಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬುದು ಅದರ ತಿರುಳು. ಊರು, ನೀರು, ವಂಶ: ಹೆಜ್ಜೆಹೆಜ್ಜೆಗೂ ಶಾಪ ದೊರೆಗೆ ಹತ್ತಿರವಾಗುತ್ತದೆ. ಹೇಳುವವರು ಮೂರನೆಯದಕ್ಕೆ ಬಂದಾಗ ಅವರ ದನಿಗೆ ಕಿವಿಗೊಡಿ.

ಹೋಲಿಕೆಗೆ ಇನ್ನೊಬ್ಬ ರಾಣಿಯನ್ನು ನೋಡಿ: ಪಟ್ಟ ಕಳೆದುಕೊಂಡ ಸ್ಕಾಟ್ಲೆಂಡಿನ ಮೇರಿಗೆ 1587ರಲ್ಲಿ ಇಂಗ್ಲೆಂಡಿನಲ್ಲಿ ಶಿರಚ್ಛೇದವಾಯಿತು. ಅಲ್ಲಿ ತೀರ್ಪು ಕೊಟ್ಟವರು ಅಧಿಕಾರದಲ್ಲಿದ್ದವರು. ನಮ್ಮ ಕಥೆಯಲ್ಲಿ ತೀರ್ಪು ಕೊಡುವವಳು ಎಲ್ಲವನ್ನೂ ಕಳೆದುಕೊಂಡ ಹೆಂಗಸು, ಅದಕ್ಕೆ ತಲೆಬಾಗಬೇಕಾದವನು ಗೆದ್ದ ದೊರೆ. ಅವಳ ಮೇಲೆ ಯಾರೂ ಕತ್ತಿ ಎತ್ತದಿದ್ದರೂ ಆ ಸಾವಿನ ಹೊಣೆಯಿಂದ ಜನ ಅರಮನೆಯನ್ನು ಬಿಡುಗಡೆ ಮಾಡಿಲ್ಲ. ಅರಮನೆಯೂ ಆ ಹೊಣೆಯನ್ನು ತಳ್ಳಿಹಾಕದೆ ಅಲಮೇಲಮ್ಮನ ಪ್ರತಿಮೆಗೆ ಪೂಜೆ ಸಲ್ಲಿಸುತ್ತ ಬಂದಿದೆ. ಈ ಐತಿಹ್ಯದ ದೊಡ್ಡತನ ಇರುವುದೇ ಇಲ್ಲಿ.

ಸಾಕ್ಷಿಗಳನ್ನು ತೂಗಿ ನೋಡಿ

ತಲಕಾಡಿನ ಮರಳಿಗೆ ನದಿಯ ತಿರುವು, ಬೇಸಿಗೆಯ ಗಾಳಿ ಕಾರಣವೆಂದು ಭೂವಿಜ್ಞಾನ ಹೇಳುತ್ತದೆ. ಒಡೆಯರ ವಂಶದಲ್ಲಿ ಪಟ್ಟ ಹಲವು ಬಾರಿ ದತ್ತುಮಕ್ಕಳಿಗೆ ಹೋಗಿದೆ. 2015ರಲ್ಲೂ ಯದುವೀರರು ದತ್ತು ಬಂದೇ ಪಟ್ಟವೇರಿದರು. ಆದರೆ ಹತ್ತನೆಯ ಚಾಮರಾಜೇಂದ್ರರಿಗೂ ಜಯಚಾಮರಾಜೇಂದ್ರರಿಗೂ ಗಂಡುಮಕ್ಕಳಿದ್ದರು. ಕಥೆ ತನಗೆ ಬೇಕಾದ ಸಾಕ್ಷಿಯನ್ನು ಎತ್ತಿಕೊಂಡು ಬೇಡದ್ದನ್ನು ಬಿಡುತ್ತದೆ. ಆ ಆಯ್ಕೆಯಲ್ಲೇ ಜನರ ನ್ಯಾಯಪ್ರಜ್ಞೆ ಕಾಣುತ್ತದೆ.

ಹೀಗೆ ಶುರುಮಾಡಿ

ಶ್ರೀರಂಗಪಟ್ಟಣದಲ್ಲಿ ರಂಗನಾಯಕಿಯ ಸನ್ನಿಧಿ ನೋಡಿ, ಮಂಡ್ಯ, ಮದ್ದೂರು, ಮಳವಳ್ಳಿ ಹಾದು ತಲಕಾಡಿಗೆ ಬನ್ನಿ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯವರೆಗೆ ಮರಳಲ್ಲಿ ನಡೆಯಿರಿ. ದಾರಿಯುದ್ದಕ್ಕೂ ಹಿರಿಯರನ್ನು ಮಾತಿಗೆಳೆದು, ಕನಿಷ್ಠ ಇಬ್ಬರ ಬಾಯಲ್ಲಿ ಕಥೆ ಕೇಳಿ. ಮೂಗುತಿಯ ಪ್ರಸಂಗವನ್ನು ಬಿಟ್ಟವರ ಕಥೆಯಲ್ಲಿ ಅಲಮೇಲಮ್ಮ ಬರೀ ಸಿಟ್ಟಿನ ಹೆಂಗಸಾಗಿ ಉಳಿಯುತ್ತಾಳೆ. ಅದನ್ನು ಮರೆಯದೆ ಹೇಳುವವರು, ದೇವಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ದೊರೆಯ ಬಲವಂತಕ್ಕೆ ಮಣಿಯದ ರಾಣಿಯನ್ನು ತೋರಿಸುತ್ತಾರೆ. ಅಂಥವರು ಸಿಕ್ಕರೆ ಅವರ ಮುಂದೆ ಕುಳಿತು ಇನ್ನೊಮ್ಮೆ ಹೇಳಿಸಿಕೊಳ್ಳಿ.