ಮುದ್ದು ಹೆಚ್ಚಾದ ಕರಿಬೇವು

ಚಳಿ ಶುರುವಾದರೆ ಸಾಕು, ಹೊಸದಾಗಿ ತಾರಸಿ ತೋಟ ಮಾಡಿದವರು ಕರಿಬೇವಿನ ಚಿಂತೆ ಹೊತ್ತು ಬರುತ್ತಾರೆ. ಎಲೆ ಹಳದಿಯಾಗಿದೆ, ಉದುರುತ್ತಿದೆ, ಚಿಗುರೇ ಇಲ್ಲ. ಬೆಂಗಳೂರಿನ ಡಿಸೆಂಬರ್ ಚಳಿಗೆ ಕರಿಬೇವು ಬೆಳವಣಿಗೆ ನಿಲ್ಲಿಸಿ ಹಳೆ ಎಲೆ ಉದುರಿಸುವುದು ಸಹಜ. ಅದು ಗೊತ್ತಿಲ್ಲದೆ, ಗಿಡಕ್ಕೆ ಹಸಿವಾಗಿದೆ ಎಂದು ಒಂದು ಹಿಡಿ ಯೂರಿಯಾ ಎರಚಿ, ಎರಡು ಹೊತ್ತೂ ನೀರು ಸುರಿಯುತ್ತಾರೆ. ಕಾಯಿಲೆ ಶುರುವಾಗುವುದು ಆಮೇಲೆ.

ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ. ಹೊಲಕ್ಕೆ ಲೆಕ್ಕ ಹಾಕಿ ಚೆಲ್ಲುವ ಗೊಬ್ಬರ ಅದು. ಕುಂಡದ ಎರಡು ಬೊಗಸೆ ಮಣ್ಣಿಗೆ ಹಿಡಿಗಟ್ಟಲೆ ಬಿದ್ದರೆ ಬೇರಿನ ಸುತ್ತ ಗೊಬ್ಬರದ ಸಾಂದ್ರತೆ ವಿಪರೀತ ಏರುತ್ತದೆ. ಕೋಸಂಬರಿಗೆ ಉಪ್ಪು ಬಿದ್ದೊಡನೆ ಸೌತೆಕಾಯಿ ನೀರು ಬಿಡುತ್ತದಲ್ಲ, ಹಾಗೆಯೇ ಬೇರು ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಎಲೆಯ ತುದಿ, ಅಂಚು ಸುಟ್ಟಂತೆ ಕಂದಾಗುತ್ತವೆ. ಮಣ್ಣಿನ ಮೇಲೆ ಬೆಳ್ಳನೆಯ ಪದರವೂ ಕಂಡರೆ ಅನುಮಾನ ಇನ್ನಷ್ಟು ಬಲವಾಗುತ್ತದೆ.

ನೀರು ಹೆಚ್ಚಾದದ್ದನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತ ಗಿಡವೂ ಬಾಯಾರಿದಂತೆ ಜೋತುಬೀಳುತ್ತದೆ. ಅದನ್ನು ನೋಡಿ ಇನ್ನೊಂದು ಚೊಂಬು ನೀರು ಹಾಕಿದರೆ ಮುಗಿಯಿತು. ನೀರು ಹಾಕುವ ಮುನ್ನ ಮಣ್ಣಿನೊಳಗೆ ಬೆರಳಿಳಿಸಿ ನೋಡಲೇಬೇಕು.

ಗೊಬ್ಬರವೊಂದೇ ಹೆಚ್ಚಾಗಿದ್ದರೆ ಮೇಲಿನ ಒಂದಂಗುಲ ಮಣ್ಣು ಕೆರೆದು ತೆಗೆದು, ಕುಂಡದ ಮೂರು ನಾಲ್ಕು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ, ಎಲ್ಲವೂ ತಳದ ತೂತಿನಿಂದ ಹರಿದುಹೋಗಲು ಬಿಡಿ. ತಟ್ಟೆಯಲ್ಲಿ ನಿಂತದ್ದನ್ನೂ ಚೆಲ್ಲಿ. ನೀರೂ ಹೆಚ್ಚಾಗಿದ್ದರೆ ಈ ತೊಳೆಯುವ ಉಪಾಯ ಕೂಡದು, ಗಿಡವನ್ನು ಕುಂಡದಿಂದ ಬಿಡಿಸುವುದೇ ದಾರಿ. ಹಳೆ ಪೇಪರ್ ಹಾಸಿ, ಕುಂಡ ವಾಲಿಸಿ, ಪಕ್ಕಕ್ಕೆ ತಟ್ಟಿ ಮೆಲ್ಲಗೆ ಎಳೆಯಿರಿ. ನರ್ಸರಿಯಿಂದ ತಂದ ಗಿಡವಾದರೆ ನಡುವೆ ಅಂಟುಮಣ್ಣಿನ ಉಂಡೆ ಇರುವುದುಂಟು. ಹೊರಗಿನ ಮಣ್ಣು ಒಣಗಿದರೂ ಅದು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬೇರು ಹರಿಯದಂತೆ ಅದನ್ನು ಬಿಡಿಸಿ. ಈಗ ಒಂದು ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆಯಿರಿ. ಗಟ್ಟಿಯಾಗಿದ್ದರೆ ಜೀವವಿದೆ. ಸಿಪ್ಪೆ ಜಾರಿ ಬಂದು ನೂಲಿನಂಥ ಎಳೆ ಉಳಿದರೆ, ಕೆಟ್ಟ ವಾಸನೆ ಬಂದರೆ, ಅದು ಕೊಳೆತದ್ದು. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕೊಳೆತದ್ದಷ್ಟನ್ನೂ ಕತ್ತರಿಸಿ. ಬೇರು ಎಷ್ಟು ಹೋಯಿತೋ ಅದಕ್ಕೆ ತಕ್ಕಂತೆ ಮೇಲಿನ ರೆಂಬೆಗಳನ್ನೂ ಸವರಿ.

ಕೆಮ್ಮಣ್ಣು, ದಪ್ಪ ಮರಳು, ಕೋಕೋಪೀಟ್ ಬೆರೆಸಿ, ಉಳಿದ ಬೇರಿಗೆ ಸಾಕಾಗುವಷ್ಟೇ ಸಣ್ಣ ಕುಂಡದಲ್ಲಿ ನೆಡಿ. ದೊಡ್ಡ ಕುಂಡದ ಮಣ್ಣು ಬೇಗ ಒಣಗುವುದಿಲ್ಲ. ಸುಡುಬಿಸಿಲು ತಾಗದ, ಬೆಳಕು ಚೆನ್ನಾಗಿರುವ ಕಡೆ ಇಡಿ. ಬೇವಿನ ಹಿಂಡಿ, ಜೀವಾಮೃತ, ಹುಳಿ ಮಜ್ಜಿಗೆ ಯಾವುದೂ ಈಗ ಬೇಡ. ಕರಿಬೇವಿಗೆ ಮಜ್ಜಿಗೆ ಒಳ್ಳೆಯದೆಂದು ಹಿರಿಯರು ಹೇಳುವುದು ಆರೋಗ್ಯವಾಗಿರುವ ಗಿಡದ ಮಾತು. ಗಾಯಗೊಂಡ ಬೇರಿಗೆ ಯಾವ ಪೋಷಣೆಯೂ ಹೊರೆಯೇ. ಹೊಸ ಚಿಗುರು ಬಲಿತ ಮೇಲೆ ಒಂದು ಹಿಡಿ ಎರೆಗೊಬ್ಬರ ಸಾಕು.

ಸುಟ್ಟ ಎಲೆಯಂಚು ಮತ್ತೆ ಹಸಿರಾಗುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಕಾಂಡವನ್ನು ಉಗುರಿನಿಂದ ಗೀರಿ ನೋಡಿ, ಹಸಿರು ಕಂಡರೆ ಗಿಡ ಬದುಕಿದೆ. ಕಾಂಡ ಪೂರ್ತಿ ಒಣಗಿದರೂ, ಬೇರಿನಲ್ಲಿ ಜೀವ ಉಳಿದಿದ್ದರೆ ಕರಿಬೇವು ಬುಡದ ಪಕ್ಕದಲ್ಲಿ ಮರಿ ಎಬ್ಬಿಸುತ್ತದೆ. ಫೆಬ್ರವರಿ ಕಳೆದು ಬಿಸಿಲು ಏರುವವರೆಗೆ ಆ ಕುಂಡವನ್ನು ಖಾಲಿ ಮಾಡಬೇಡಿ.