ಫಿಲೆಮೋನನಿಗೆ ಬರೆದ ಓಲೆ

ಹೊಸ ಒಡಂಬಡಿಕೆಯಲ್ಲಿ ಪೌಲನ ಹೆಸರಿನಿಂದಿರುವ ಪತ್ರಗಳೊಳಗೆ ಅತ್ಯಂತ ಚಿಕ್ಕದು ಫಿಲೆಮೋನನಿಗೆ ಬರೆದುದು. ಒಂದೇ ಅಧ್ಯಾಯ, 25 ವಚನಗಳು. ಇಲ್ಲಿ ಸಿದ್ಧಾಂತಬೋಧೆಯಿಲ್ಲ, ಒಬ್ಬ ದಾಸನ ಪರವಾದ ಬಿನ್ನಹ ಮಾತ್ರವಿದೆ. ಇಂಥ ಅಲ್ಪವಿಷಯದ ಓಲೆಗೆ ವೇದಗ್ರಂಥದಲ್ಲಿ ಸ್ಥಾನವೇಕೆಂದು ಕೇಳಿದವರಿಗೆ 4ನೆಯ ಶತಮಾನದಲ್ಲಿಯೇ ಕ್ರಿಸೊಸ್ತೊಮನು ಸಮಾಧಾನ ಹೇಳಬೇಕಾಯಿತು. ಆದರೆ ವಿಶ್ವಾಸಿಗಳ ಅನ್ಯೋನ್ಯತೆಯು ಬಾಳಿನಲ್ಲಿ ಎಷ್ಟು ಬೆಲೆಯನ್ನು ಬೇಡುವುದೆಂಬುದನ್ನು ಇದರಷ್ಟು ಬಿಚ್ಚಿ ತೋರಿಸುವ ಬರೆಹ ಆ ಸಂಪುಟದಲ್ಲಿ ವಿರಳ.

ಪೌಲನು ಸೆರೆಯಲ್ಲಿದ್ದಾನೆ. ಫಿಲೆಮೋನನ ದಾಸನಾದ ಒನೇಸಿಮನು ಅವನ ಬಳಿಗೆ ಬಂದು ಕ್ರಿಸ್ತನನ್ನು ನಂಬಿದ್ದಾನೆ. (ಓಡಿಬಂದನೆಂಬುದು ಪರಂಪರೆಯ ಮಾತು, ಓಲೆ ಅದನ್ನು ಸ್ಪಷ್ಟವಾಗಿ ಹೇಳುವುದಿಲ್ಲ.) ಈಗ ಅವನನ್ನು ಹಿಂದಕ್ಕೆ ಕಳುಹಿಸಬೇಕಾಗಿದೆ. ಯಜಮಾನನೂ ವಿಶ್ವಾಸಿ, ದಾಸನೂ ವಿಶ್ವಾಸಿ. ರೋಮಿನ ಕಾನೂನಿನಲ್ಲಾದರೋ ಒಬ್ಬನು ಮತ್ತೊಬ್ಬನ ಸೊತ್ತು.

ಕನ್ನಡ ಬೈಬಲಿನಲ್ಲಿ ‘ಅನ್ಯೋನ್ಯತೆ’ ಎಂದಿರುವೆಡೆ ಗ್ರೀಕ್ ಮೂಲದಲ್ಲಿ ‘ಕೊಯಿನೋನಿಯ’ ಎಂಬ ಶಬ್ದವಿದೆ. ಅನ್ಯೋನ್ಯತೆಯೆಂದೊಡನೆ ಕನ್ನಡಿಗರ ಕಿವಿಗೆ ದಂಪತಿಗಳ, ಗೆಳೆಯರ ಒಲವು ಕೇಳಿಸುತ್ತದೆ. ಗ್ರೀಕ್ ಶಬ್ದದಲ್ಲಿ ಪಾಲುಗಾರಿಕೆಯ ಅರ್ಥವೇ ಮುಂದು. ವ್ಯಾಪಾರದ ಪಾಲಿಗೂ ಅದೇ ಮಾತು ಸಲ್ಲುತ್ತಿತ್ತು. ಪೌಲನ ಜಾಣ್ಮೆಯೆಲ್ಲ ಇಲ್ಲಿದೆ. ತನ್ನನ್ನು ಪಾಲುಗಾರನೆಂದು ಎಣಿಸುವುದಾದರೆ ದಾಸನನ್ನು ತನ್ನಂತೆಯೇ ಬರಮಾಡಿಕೊಳ್ಳಬೇಕೆಂದು ಕೇಳಿ, ಒಡನೆಯೇ ಲೆಕ್ಕದ ಪುಸ್ತಕವನ್ನು ಬಿಚ್ಚುತ್ತಾನೆ: ದಾಸನಿಂದಾದ ನಷ್ಟವನ್ನು ತನ್ನ ಹೆಸರಿಗೆ ಬರೆದುಕೊಳ್ಳಲಿ, ತಾನು ತೀರಿಸುವೆನು. ಇದಕ್ಕೆ ಸ್ವಹಸ್ತಾಕ್ಷರವೂ ಉಂಟು. ಫಿಲೆಮೋನನೇ ತನಗೆ ತನ್ನ ಜೀವವನ್ನೇ ಸಲ್ಲಿಸಬೇಕಾದವನೆಂಬುದನ್ನು ಮಾತ್ರ ಹೇಳಲೊಲ್ಲೆನೆಂದು ಹೇಳಿಯೇ ಬಿಡುತ್ತಾನೆ! ಸಾಲಕೊಟ್ಟವನು ಹೀಗೆ ಸಾಲಗಾರನಾದನು. ಪೌಲನ ಪತ್ರಗಳೆಲ್ಲ ಕೃಪೆಯ ಹಾರೈಕೆಯಿಂದ ಮೊದಲಾಗಿ ಅದರಲ್ಲಿಯೇ ಮುಗಿಯುತ್ತವೆ. ರೂಢಿಯ ಆ ಮಾತಿಗೆ ಈ ಲೆಕ್ಕದ ನಡುವೆ ಜೀವ ಬಂದಿದೆ. ಋಣದಿಂದ ಬಿಡುಗಡೆಯಾದವನು ಇನ್ನೊಬ್ಬನ ಋಣವನ್ನು ಹಿಡಿದು ಕೂಡಲಾದೀತೆ? ‘ಪ್ರಯೋಜಕ’ನೆಂಬರ್ಥದ ಒನೇಸಿಮನ ಹೆಸರಿನೊಡನೆ ಆಡಿದ ಶ್ಲೇಷೆಯೂ ಸೊಗಸಾದುದೇ.

ಕೊರತೆಯೂ ಇದೆ. ದಾಸನಿಗಿಂತ ಹೆಚ್ಚಿನವನಾಗಿ, ಪ್ರಿಯ ಸಹೋದರನಾಗಿ ಸ್ವೀಕರಿಸೆಂದ ಪೌಲನು ದಾಸ್ಯದಿಂದ ಬಿಡಿಸೆಂದು ನೇರವಾಗಿ ಹೇಳಲಿಲ್ಲ. ಆ ಮೌನದ ಫಲ ಕಹಿಯಾಯಿತು. 19ನೆಯ ಶತಮಾನದ ಅಮೆರಿಕದಲ್ಲಿ ದಾಸ್ಯವನ್ನು ಸಮರ್ಥಿಸಿದವರು ದಾಸನನ್ನು ಮರಳಿಸಿದುದನ್ನೂ, ವಿರೋಧಿಸಿದವರು ಸಹೋದರನೆಂದುದನ್ನೂ ಎತ್ತಿಹಿಡಿದರು. ಓಲೆಯ ಒಟ್ಟು ಗತಿ ಎರಡನೆಯವರ ಕಡೆಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ವಾಕ್ಯ ಹೆಚ್ಚಾಗಿ ಬರೆದಿದ್ದರೆ ವಾದಕ್ಕೆಡೆಯೇ ಇರುತ್ತಿರಲಿಲ್ಲ. ಒನೇಸಿಮನ ಬಾಯಿಂದಲಂತೂ ಒಂದು ಮಾತೂ ಹೊರಡುವುದಿಲ್ಲ.

ಆದರೂ ಪೌಲನು ಯಜಮಾನನನ್ನು ಅವನ ಇಚ್ಛೆಗೇ ಬಿಟ್ಟಿದ್ದಾನೆಂದು ತಿಳಿಯಲಾಗದು. ಓಲೆ ಫಿಲೆಮೋನನೊಬ್ಬನಿಗಲ್ಲ; ಅಪ್ಫಿಯಳಿಗೆ, ಅರ್ಖಿಪ್ಪನಿಗೆ, ಮನೆಯಲ್ಲಿ ಕೂಡುವ ಸಭೆಗೆಲ್ಲ. ಕೊನೆಗೆ, ತನಗೊಂದು ಬಿಡಾರ ಸಿದ್ಧಪಡಿಸಿಡಬೇಕೆಂಬ ಕೋರಿಕೆ ಬೇರೆ! ಫಿಲೆಮೋನನ ಉತ್ತರವು ಉಳಿದುಬಂದಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಒನೇಸಿಮನ ಹೆಸರು ಮತ್ತೊಮ್ಮೆ ಬರುತ್ತದೆ; ಅಲ್ಲಿ ಅವನು ನಂಬಿಗಸ್ತನಾದ ಪ್ರಿಯ ಸಹೋದರನು, ಆ ಊರಿನವರಲ್ಲೊಬ್ಬನು. ದಾಸನೆಂಬ ಮಾತು ಅವನ ಹೆಸರಿನೊಡನೆ ಅಲ್ಲಿಲ್ಲ.